ಕರ್ನೆಲ್‌ನ ದೊಡ್ಡ ಲಾಕ್: ಎನ್‌ಎಫ್‌ಎಸ್‌ನಿಂದ ಅದನ್ನು ಬಿಡಿಸಿದ ಚರಿತ್ರೆ

ಒಂದೇ ಯಂತ್ರಕ್ಕೆ ಎರಡು ಪ್ರೊಸೆಸರ್ ಕೂಡಿಸಿದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನೆಲ್ ಯಾವುದರ ಮೇಲೆ ಓಡಬೇಕು ಎಂಬ ಪ್ರಶ್ನೆ ಯುನಿಕ್ಸ್ ಬಳಗಕ್ಕೆ 1980ರ ದಶಕದ ಆರಂಭದಲ್ಲೇ ಎದುರಾಗಿತ್ತು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಗೋಬಲ್ ಮತ್ತು ಸಂಗಡಿಗರು ಎರಡು ವ್ಯಾಕ್ಸ್ ಪ್ರೊಸೆಸರ್‌ಗಳನ್ನು ಜೋಡಿಸಿ ಯುನಿಕ್ಸ್ ಓಡಿಸಿದಾಗ ಕಂಡುಕೊಂಡ ದಾರಿ ಸರಳವಾಗಿತ್ತು: ಕರ್ನೆಲ್‌ನ ಕೆಲಸವೆಲ್ಲ ಒಂದು ಪ್ರೊಸೆಸರ್‌ನ ಪಾಲಿಗೆ, ಇನ್ನೊಂದಕ್ಕೆ ಬಳಕೆದಾರರ ಪ್ರೋಗ್ರಾಮ್‌ಗಳು ಮಾತ್ರ. ಕಾರಣ, ಯುನಿಕ್ಸ್ ಕರ್ನೆಲ್ ಬರೆದವರು ಒಂದು ಸಮಯಕ್ಕೆ ಒಂದೇ ಪ್ರೊಸೆಸರ್ ಅದರೊಳಗೆ ಇರುತ್ತದೆ ಎಂದುಕೊಂಡೇ ಬರೆದಿದ್ದರು. ಆ ನಂಬಿಕೆಯನ್ನು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ. ಆದರೆ ಸಾವಿರಾರು ಸಾಲುಗಳು ಅದರ ಮೇಲೆ ನಿಂತಿದ್ದವು.

1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಬರೆಯತೊಡಗಿದ ಲಿನಕ್ಸ್ ಕೂಡ ಒಂಟಿ 386 ಪ್ರೊಸೆಸರ್‌ಗೆಂದೇ ಹುಟ್ಟಿದ್ದು. ಅದಕ್ಕೆ ಬಹುಪ್ರೊಸೆಸರ್ ಬೆಂಬಲ ತಂದವರಲ್ಲಿ ಮೊದಲಿಗರು ಬ್ರಿಟನ್ನಿನ ಅಲನ್ ಕಾಕ್ಸ್. ಕಾಲ್ಡೇರಾ ಕಂಪನಿ ಕೊಟ್ಟ ಜೋಡಿ ಪೆಂಟಿಯಂ ಬೋರ್ಡ್ ಮೇಲೆ ಅವರು ಆರಂಭಿಸಿದ ಕೆಲಸ 1996ರ ಜೂನ್‌ನಲ್ಲಿ ಹೊರಬಂದ 2.0 ಆವೃತ್ತಿಯಲ್ಲಿ ಸೇರಿತು. ಇಡೀ ಕರ್ನೆಲ್‌ಗೆ ಒಂದೇ ಲಾಕ್. ಅದನ್ನು ಹಿಡಿದ ಪ್ರೊಸೆಸರ್ ಒಳಗೆ, ಉಳಿದವು ಹೊರಗೆ ಕಾಯಬೇಕು. ಮುಂದೆ ಇದಕ್ಕೆ ಬಿಗ್ ಕರ್ನೆಲ್ ಲಾಕ್, ಚಿಕ್ಕದಾಗಿ ಬಿಕೆಎಲ್ ಎಂಬ ಹೆಸರು ನಿಂತಿತು. ಹಳೆಯ ಕೋಡ್‌ನ ಬಹುಪಾಲನ್ನು ಬದಲಿಸದೆ ಎರಡು ಪ್ರೊಸೆಸರ್ ನಡೆಸಲು ಆ ಹೊತ್ತಿಗೆ ಇದು ಸುಲಭ ಉಪಾಯವಾಗಿತ್ತು, ಮತ್ತು ಆ ಆಯ್ಕೆ ಸರಿಯಾಗಿಯೇ ಇತ್ತು.

ಈ ಲಾಕ್‌ಗೆ ಸಾಮಾನ್ಯ ಲಾಕ್‌ಗಳಿಗಿಲ್ಲದ ಎರಡು ಗುಣಗಳಿದ್ದವು. ಮೊದಲನೆಯದು, ಒಮ್ಮೆ ಹಿಡಿದವರು ಅದನ್ನೇ ಮತ್ತೆ ಹಿಡಿಯಬಹುದಿತ್ತು. ಎಷ್ಟು ಸಲ ಹಿಡಿದಿದ್ದಾರೆ ಎಂಬ ಲೆಕ್ಕ ಪ್ರತಿ ಪ್ರಾಸೆಸ್‌ನ ದಾಖಲೆಯಲ್ಲೇ ಇರುತ್ತಿತ್ತು. ಹೀಗಾಗಿ ಒಂದು ಫಂಕ್ಷನ್ ತನ್ನನ್ನು ಕರೆದವರ ಕೈಯಲ್ಲಿ ಲಾಕ್ ಇದೆಯೋ ಇಲ್ಲವೋ ಎಂದು ಯೋಚಿಸುವ ಅಗತ್ಯವೇ ಇರಲಿಲ್ಲ. ಎರಡನೆಯದು ಇನ್ನೂ ಸೂಕ್ಷ್ಮ. ಲಾಕ್ ಹಿಡಿದ ಪ್ರಾಸೆಸ್ ಡಿಸ್ಕ್‌ಗೋ ನೆಟ್‌ವರ್ಕ್‌ಗೋ ಕಾಯುತ್ತ ನಿದ್ರೆಗೆ ಜಾರಿದರೆ ಕರ್ನೆಲ್ ಆ ಲಾಕನ್ನು ತಾನೇ ಬಿಡಿಸುತ್ತಿತ್ತು, ಎದ್ದಾಗ ತಾನೇ ಮತ್ತೆ ಹಿಡಿಸುತ್ತಿತ್ತು. ಹೊರನೋಟಕ್ಕೆ ಲಾಕ್ ಉದ್ದಕ್ಕೂ ಕೈಯಲ್ಲೇ ಇದ್ದಂತೆ ಕಾಣುತ್ತದೆ. ನಿಜಕ್ಕೆ ನಡುವೆ ಬೇರೆ ಪ್ರಾಸೆಸ್‌ಗಳು ಒಳಹೊಕ್ಕು ಹೋಗಿರುತ್ತವೆ. ಎಲ್ಲರೂ ಒಬ್ಬರನ್ನೊಬ್ಬರು ಕಾಯುತ್ತ ನಿಂತುಬಿಡುವ ಡೆಡ್‌ಲಾಕ್ ತಪ್ಪಿಸಲು ಇದರಿಂದ ತುಂಬ ಅನುಕೂಲವಾಯಿತು. ಕೋಡ್ ಓದುವವರಿಗೆ ಮಾತ್ರ ಲಾಕ್ ಯಾವ ದತ್ತಾಂಶವನ್ನು, ಎಲ್ಲಿಂದ ಎಲ್ಲಿಯವರೆಗೆ ಕಾಯುತ್ತಿದೆ ಎಂಬುದು ಮಸುಕಾಗಿಹೋಯಿತು. ಮುಂದಿನ ಅಪಾಯಗಳಲ್ಲಿ ಹೆಚ್ಚಿನವು ಈ ಮಸುಕಿನಿಂದಲೇ ಹುಟ್ಟಿದವು.

ಇದೇ ಕಾಲಕ್ಕೆ ಲಿನಕ್ಸ್ ಯಂತ್ರಗಳು ಕಚೇರಿ, ಪ್ರಯೋಗಾಲಯಗಳಲ್ಲಿ ಫೈಲ್ ಹಂಚಿಕೆಗೆ ಬಳಕೆಯಾಗತೊಡಗಿದ್ದವು. ಹಂಚಿಕೆಯ ಸಾಧನ ಎನ್‌ಎಫ್‌ಎಸ್. ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 1980ರ ದಶಕದ ನಡುವೆ ರೂಪಿಸಿದ ಈ ನೆಟ್‌ವರ್ಕ್ ಫೈಲ್‌ಸಿಸ್ಟಮ್‌ನ ಮೂಲತತ್ವವೆಂದರೆ ಸರ್ವರ್ ಯಾವ ಕ್ಲೈಂಟ್‌ನ ನೆನಪನ್ನೂ ಇಟ್ಟುಕೊಳ್ಳಬಾರದು ಎನ್ನುವುದು. ಸರ್ವರ್ ಕುಸಿದು ಎದ್ದರೂ ಕ್ಲೈಂಟ್ ಅದೇ ಕೋರಿಕೆಯನ್ನು ಮತ್ತೆ ಕಳಿಸಿದರೆ ಸಾಕು, ಕೆಲಸ ಮುಂದುವರಿಯುತ್ತದೆ. ಫೈಲ್‌ಗಳ ಮೇಲಿನ ಲಾಕ್ ಮಾತ್ರ ಈ ತತ್ವಕ್ಕೆ ಒಗ್ಗಲಿಲ್ಲ. ಲಾಕ್ ಎಂದ ಮೇಲೆ ಯಾರು ಹಿಡಿದಿದ್ದಾರೆ ಎಂದು ನೆನಪಿಡಲೇಬೇಕು. ಅದಕ್ಕಾಗಿ ಎನ್‌ಎಲ್‌ಎಂ ಎಂಬ ಪ್ರತ್ಯೇಕ ಪ್ರೋಟೋಕಾಲ್ ಬಂತು. ಲಿನಕ್ಸ್‌ನಲ್ಲಿ ಅದನ್ನು ನಡೆಸುವ ಕರ್ನೆಲ್ ಥ್ರೆಡ್‌ನ ಹೆಸರು ಲಾಕ್‌ಡಿ, ಫೈಲ್ ಸೇವೆ ಕೊಡುವ ಥ್ರೆಡ್‌ಗಳ ಹೆಸರು ಎನ್‌ಎಫ್‌ಎಸ್‌ಡಿ. ಲಾಕ್‌ಡಿ ಹುಟ್ಟಿದಾಗಲೇ ಬಿಕೆಎಲ್ ಹಿಡಿದು ಬದುಕಿನುದ್ದಕ್ಕೂ ಅದನ್ನು ಹಿಡಿದೇ ಇರುತ್ತಿತ್ತು. ನಿದ್ರಿಸಿದಾಗಲೆಲ್ಲ ಲಾಕ್ ತಾನೇ ಬಿಡುಗಡೆಯಾಗುತ್ತಿದ್ದುದರಿಂದ ಇದು ಸಾಧ್ಯವಾಗಿತ್ತು.

1999ರ ಜನವರಿಯಲ್ಲಿ ಬಂದ 2.2 ಆವೃತ್ತಿ ದೊಡ್ಡ ಲಾಕ್‌ನ ಕೆಲವು ಹೊಣೆಗಳನ್ನು ಸಣ್ಣ ಲಾಕ್‌ಗಳಿಗೆ ಹಂಚಿತ್ತು. ಅದು ಸಾಲದು ಎಂಬುದನ್ನು ಅದೇ ವರ್ಷ ಮೈಂಡ್‌ಕ್ರಾಫ್ಟ್ ಎಂಬ ಸಂಸ್ಥೆಯ ಪರೀಕ್ಷೆ ಎಲ್ಲರ ಕಣ್ಣಿಗೆ ಬೀಳುವಂತೆ ತೋರಿಸಿತು. ನಾಲ್ಕು ಪ್ರೊಸೆಸರ್, ನಾಲ್ಕು ನೆಟ್‌ವರ್ಕ್ ಕಾರ್ಡ್‌ಗಳ ಸರ್ವರ್ ಮೇಲೆ ಲಿನಕ್ಸ್ ವಿಂಡೋಸ್ ಎನ್‌ಟಿಗಿಂತ ಬಹಳ ಹಿಂದೆ ಬಿತ್ತು. ಪರೀಕ್ಷೆಯ ಖರ್ಚು ಮೈಕ್ರೋಸಾಫ್ಟ್ ಭರಿಸಿತ್ತೆಂಬ ಕಾರಣಕ್ಕೆ ದೊಡ್ಡ ಗಲಾಟೆಯಾಯಿತು. ಆದರೂ ಲಿನಕ್ಸ್‌ನ ನೆಟ್‌ವರ್ಕ್ ಕೋಡ್ ಒಂದು ಸಮಯಕ್ಕೆ ಒಂದೇ ಪ್ರೊಸೆಸರ್ ಮೇಲೆ ಓಡುತ್ತದೆ ಎಂಬುದು ಸುಳ್ಳಾಗಿರಲಿಲ್ಲ. ಡೇವಿಡ್ ಮಿಲ್ಲರ್, ಅಲೆಕ್ಸಿ ಕುಜ್ನೆತ್ಸೋವ್ ಮೊದಲಾದವರ ದುಡಿಮೆಯಿಂದ 2001ರ ಜನವರಿಯ 2.4 ಆವೃತ್ತಿಯಲ್ಲಿ ನೆಟ್‌ವರ್ಕ್ ಪದರ ದೊಡ್ಡ ಲಾಕ್‌ನ ಹಂಗಿನಿಂದ ಹೊರಬಂತು. ಅದರ ಮೇಲೆ ಕೂತ ಎನ್‌ಎಫ್‌ಎಸ್ ಮಾತ್ರ ಹೊರಬಂದಿರಲಿಲ್ಲ.

ಎನ್‌ಎಫ್‌ಎಸ್ ಕ್ಲೈಂಟ್‌ನಲ್ಲಿ ಒಂದು ಬರಹದ ಹಾದಿ ಹೀಗಿರುತ್ತದೆ. ಪ್ರೋಗ್ರಾಮ್ ರೈಟ್ ಎಂದು ಕೇಳಿದ ಬೈಟ್‌ಗಳು ಮೊದಲು ಕ್ಲೈಂಟ್‌ನ ಮೆಮೊರಿಯಲ್ಲಿ 4,096 ಬೈಟ್‌ಗಳ ಪುಟಗಳಲ್ಲಿ ಕೂಡುತ್ತವೆ. ಪ್ರತಿ ಪುಟಕ್ಕೆ ಒಂದು ಕೋರಿಕೆಯ ದಾಖಲೆ ಹುಟ್ಟಿ ಆ ಫೈಲ್‌ನ ಪಟ್ಟಿಗೆ ಸೇರುತ್ತದೆ. ಆಮೇಲೆ ಹಿನ್ನೆಲೆಯಲ್ಲಿ ಓಡುವ ಇನ್ನೊಂದು ಥ್ರೆಡ್ ಅಕ್ಕಪಕ್ಕದ ಪುಟಗಳನ್ನು ಕಟ್ಟುಮಾಡಿ, ದೂರದ ಯಂತ್ರಕ್ಕೆ ಕೋರಿಕೆ ಕಳಿಸುವ ಆರ್‌ಪಿಸಿ ಪದರದ ಮೂಲಕ, ನೆಟ್‌ವರ್ಕ್ ಸಂಪರ್ಕದ ತುದಿಯಾದ ಸಾಕೆಟ್‌ಗೆ ಒಪ್ಪಿಸಿ ಸರ್ವರ್‌ಗೆ ಕಳಿಸುತ್ತದೆ. 2.4ರಲ್ಲಿ ಈ ಎರಡೂ ಕಡೆಯ ಕೆಲಸಕ್ಕೆ ಒಂದೇ ಬಿಕೆಎಲ್ ಕಾವಲು. ಹಿನ್ನೆಲೆಯ ಥ್ರೆಡ್ ಸಾಕೆಟ್‌ಗೆ ಡೇಟಾ ತುಂಬುವಷ್ಟು ಹೊತ್ತು, ಇನ್ನೊಂದು ಪ್ರೊಸೆಸರ್‌ನಲ್ಲಿದ್ದ ಪ್ರೋಗ್ರಾಮ್ ತನ್ನದೇ ಮೆಮೊರಿಗೆ ಬರೆಯಲೂ ಕಾಯಬೇಕಿತ್ತು. ಎರಡನೇ ಪ್ರೊಸೆಸರ್‌ಗೆ ಕೊಟ್ಟ ಹಣ ಕಾಯುವುದರಲ್ಲೇ ಕರಗುತ್ತಿತ್ತು.

ಚಕ್ ಲೀವರ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯದ ಸಿಟಿ ಎಂಬ ಸಂಶೋಧನಾ ಕೇಂದ್ರದ ಪೀಟರ್ ಹನಿಮನ್ ಇದನ್ನು ಅಳೆದು 2002ರ ಯೂಸ್‌ನಿಕ್ಸ್ ಸಮ್ಮೇಳನದಲ್ಲಿ ಪ್ರಬಂಧ ಮಂಡಿಸಿದರು. ಅವರು ಮಾಡಿದ ಬದಲಾವಣೆಗಳು ಮೂರು. ಬಾಕಿ ಕೋರಿಕೆಗಳು ಒಂದು ಮಿತಿ ಮುಟ್ಟಿದೊಡನೆ ಬರೆಯುವ ಪ್ರೋಗ್ರಾಮನ್ನೇ ತಡೆದು ನಿಲ್ಲಿಸುತ್ತಿದ್ದ ಕಟ್ಟಳೆಯನ್ನು ತೆಗೆದರು. ಉದ್ದ ಪಟ್ಟಿಯಲ್ಲಿ ಒಂದೊಂದಾಗಿ ಹುಡುಕುವ ಬದಲು ಹ್ಯಾಶ್ ಟೇಬಲ್ ತಂದರು. ಸಾಕೆಟ್‌ಗೆ ಒಪ್ಪಿಸುವ ಹೊತ್ತಿನಲ್ಲಿ ದೊಡ್ಡ ಲಾಕನ್ನು ಬಿಟ್ಟುಕೊಟ್ಟರು. ಮೆಮೊರಿಯಲ್ಲಿ ಕೂಡಿಕೊಳ್ಳುವ ಬರಹದ ವೇಗ ಒಟ್ಟಾರೆ ಮೂರು ಪಟ್ಟಿಗೂ ಹೆಚ್ಚಾಯಿತು.

ಈ ಮೂರನೆಯ ಬದಲಾವಣೆ ಕೋಡ್‌ನಲ್ಲಿ ಬಹಳ ಚಿಕ್ಕದು. ಅದು ಸುರಕ್ಷಿತ ಎಂದು ಹೇಳಲು ಬೇಕಾದ ಸಮಜಾಯಿಷಿ ಮಾತ್ರ ಚಿಕ್ಕದಲ್ಲ. ಸಾಕೆಟ್ ಪದರಕ್ಕೆ 2.4ರಲ್ಲಿ ಸ್ವಂತ ಲಾಕ್‌ಗಳು ಬಂದಿದ್ದವು, ಆದ್ದರಿಂದ ಅಲ್ಲಿ ಬಿಕೆಎಲ್ ಬೇಕಿರಲಿಲ್ಲ. ಟಿಸಿಪಿ ಸಂಪರ್ಕದಲ್ಲಿ ಒಂದು ಕೋರಿಕೆಯ ಅರ್ಧ ಭಾಗ ಹೋಗುವಷ್ಟರಲ್ಲಿ ಇನ್ನೊಂದರ ಬೈಟ್‌ಗಳು ನಡುವೆ ನುಸುಳಿದರೆ ಸರ್ವರ್‌ಗೆ ಎಲ್ಲಿಂದ ಎಲ್ಲಿಯವರೆಗೆ ಒಂದು ಸಂದೇಶ ಎಂಬುದೇ ತಿಳಿಯುವುದಿಲ್ಲ. ಆ ಅಪಾಯವನ್ನು ಬಿಕೆಎಲ್ ಎಂದೂ ತಡೆದಿರಲೇ ಇಲ್ಲ. ಸಾಕೆಟ್ ತುಂಬಿದಾಗ ಕಳಿಸುವವರು ನಿದ್ರಿಸುತ್ತಿದ್ದರು, ನಿದ್ರಿಸಿದೊಡನೆ ಲಾಕ್ ಬಿಟ್ಟುಹೋಗುತ್ತಿತ್ತು. ಹಾಗಾಗಿ ಆರ್‌ಪಿಸಿ ಪದರ ಸಂಪರ್ಕವನ್ನು ಒಂದು ಸಲಕ್ಕೆ ಒಬ್ಬರಿಗೇ ಕೊಡುವ ಬೇರೆ ಏರ್ಪಾಡನ್ನು ಮೊದಲಿನಿಂದಲೂ ಇಟ್ಟುಕೊಂಡಿತ್ತು. ದೊಡ್ಡ ಲಾಕ್ ತೆಗೆಯುವ ಪ್ರತಿ ಜಾಗದಲ್ಲೂ ಈ ಬಗೆಯ ವಿಚಾರಣೆ ನಡೆಯಬೇಕಿತ್ತು: ಇಲ್ಲಿ ಅದು ನಿಜವಾಗಿ ಕಾಯುತ್ತಿದ್ದದ್ದು ಏನನ್ನು? ಕೆಲವು ಕಡೆ ಏನನ್ನೂ ಕಾಯುತ್ತಿರಲಿಲ್ಲ. ಕೆಲವು ಕಡೆ, ಲಾಕ್ ಬರೆದವರಿಗೇ ಗೊತ್ತಿಲ್ಲದ ಹಾಗೆ ನಾಲ್ಕಾರು ಸಂಗತಿಗಳನ್ನು ಒಟ್ಟಿಗೆ ಕಾಯುತ್ತಿತ್ತು.

ನೆಟ್‌ವರ್ಕ್ ಫೈಲ್‌ಸಿಸ್ಟಮ್‌ನಲ್ಲಿ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಒಂದು ಫೈಲ್‌ನ ಗಾತ್ರದ ಮೂಲಕ ಹತ್ತಿರದಿಂದ ನೋಡಬಹುದು. ಫೈಲ್ 8,192 ಬೈಟ್ ಇದೆ ಎನ್ನೋಣ. ಕ್ಲೈಂಟ್‌ನ ಒಂದು ಪ್ರಾಸೆಸ್ ಅದರ ಗಾತ್ರ, ಸಮಯ ಮೊದಲಾದ ಗುಣವಿವರಗಳನ್ನು ಸರ್ವರ್‌ನಿಂದ ಕೇಳುತ್ತದೆ. ಸರ್ವರ್ 8,192 ಎಂದು ಉತ್ತರ ಬರೆದು ಕಳಿಸುತ್ತದೆ. ಆ ಉತ್ತರ ದಾರಿಯಲ್ಲಿರುವಾಗಲೇ ಅದೇ ಕ್ಲೈಂಟ್‌ನ ಇನ್ನೊಂದು ಪ್ರಾಸೆಸ್ ಫೈಲ್‌ನ ಕೊನೆಗೆ 4,096 ಬೈಟ್ ಸೇರಿಸುತ್ತದೆ, ಸರ್ವರ್ ಅದನ್ನು ಒಪ್ಪಿ ಹೊಸ ಗಾತ್ರ 12,288 ಎಂದು ತಿಳಿಸುತ್ತದೆ. ಎರಡು ಉತ್ತರಗಳು ಕ್ಲೈಂಟ್ ಮುಟ್ಟುವ ಕ್ರಮಕ್ಕೆ ಯಾರ ಭರವಸೆಯೂ ಇಲ್ಲ. ಯಾವುದು ಹಳೆಯದು ಎಂದು ಹೋಲಿಸಿ ನೋಡಿ, ಹಳೆಯದನ್ನು ಬಿಸಾಕುವ ಕೋಡ್ ಕ್ಲೈಂಟ್‌ನಲ್ಲಿ ಇರುತ್ತದೆ. ಹೋಲಿಸುವುದು ಒಂದು ಹೆಜ್ಜೆ, ಅದರಂತೆ ಗಾತ್ರವನ್ನು ತಿದ್ದುವುದು ಇನ್ನೊಂದು ಹೆಜ್ಜೆ. ದೊಡ್ಡ ಲಾಕ್ ಇದ್ದಾಗ ಈ ಎರಡು ಹೆಜ್ಜೆಗಳ ನಡುವೆ ಬೇರೆ ಪ್ರೊಸೆಸರ್ ಕಾಲಿಡಲು ಆಗುತ್ತಿರಲಿಲ್ಲ. ಅದನ್ನು ಬರಿದೇ ಕಿತ್ತುಹಾಕಿದರೆ, ಮೊದಲ ಪ್ರೊಸೆಸರ್ ಹೋಲಿಸಿ ಮುಗಿಸಿದ ಮೇಲೆ, ತಿದ್ದುವ ಮುನ್ನ, ಎರಡನೆಯದು 12,288 ಎಂದು ಬರೆದುಬಿಡಬಹುದು. ಆಮೇಲೆ ಮೊದಲನೆಯದು ತನ್ನ ಹಳೆಯ ಹೋಲಿಕೆಯನ್ನೇ ನಂಬಿ 8,192 ಎಂದು ತಿದ್ದುತ್ತದೆ. ಕ್ಲೈಂಟ್‌ನ ಕಣ್ಣಿಗೆ ಫೈಲ್ ಕುಗ್ಗಿತು. ಇನ್ನು ಯಾರಾದರೂ ಕೊನೆಗೆ ಸೇರಿಸಹೊರಟರೆ ಅವರ ಬೈಟ್‌ಗಳು ಹಿಂದಿನವರು ಬರೆದದ್ದರ ಮೇಲೆಯೇ ಹೋಗಿ ಕೂರುತ್ತವೆ.

ಇಂಥ ತಪ್ಪಿಗೆ ಕಾರಣವಾಗುವ ಕಿಂಡಿ ಮೈಕ್ರೋಸೆಕೆಂಡ್‌ಗಿಂತ ಕಿರಿದಾಗಿರಬಹುದು. ಪರೀಕ್ಷೆಯಲ್ಲಿ ಲಕ್ಷ ಸಲ ಓಡಿಸಿದರೂ ಕಾಣಿಸದೆ, ಹತ್ತಾರು ಪ್ರೊಸೆಸರ್‌ಗಳ ಯಂತ್ರದಲ್ಲಿ ತಿಂಗಳಿಗೊಮ್ಮೆ ಕಾಣಿಸಬಹುದು. ಕರ್ನೆಲ್ ಕುಸಿದು ನಿಂತರೆ ಕಡೇಪಕ್ಷ ಎಲ್ಲಿ ಕುಸಿಯಿತೆಂಬ ಗುರುತು ಉಳಿಯುತ್ತದೆ. ಇಲ್ಲಿ ಯಾವ ಸದ್ದೂ ಇಲ್ಲ, ಎಲ್ಲ ಕರೆಗಳೂ ಯಶಸ್ವಿ ಎಂದೇ ಮರಳುತ್ತವೆ. ಯಾರದೋ ಲಾಗ್ ಫೈಲ್‌ನ ಅಥವಾ ಅಂಚೆಪೆಟ್ಟಿಗೆಯ ಒಂದು ತುಂಡು ಮಾತ್ರ ಇಲ್ಲವಾಗಿರುತ್ತದೆ. ವೇಗದ ಲಾಭವನ್ನು ಅದೇ ದಿನ ಅಂಕಿಯಲ್ಲಿ ತೋರಿಸಬಹುದು, ನಷ್ಟ ತಿಂಗಳುಗಳ ಬಳಿಕ ಬೇರೊಬ್ಬರ ಮನೆಯಲ್ಲಿ ಗೊತ್ತಾಗುತ್ತದೆ. ನೆಟ್‌ವರ್ಕ್ ಫೈಲ್‌ಸಿಸ್ಟಮ್‌ನ ಲಾಕ್‌ಗಳ ವಿಷಯದಲ್ಲಿ ಅವಸರ ಸಲ್ಲದು ಎನ್ನಲು ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ. ಎನ್‌ಎಫ್‌ಎಸ್ ಕ್ಲೈಂಟ್‌ನ ನಿರ್ವಾಹಕ ಟ್ರಾಂಡ್ ಮಿಕ್ಲೆಬಸ್ಟ್ ಇದನ್ನು ವರ್ಷಗಟ್ಟಲೆ ಕಂತುಕಂತಾಗಿ ಮಾಡಿದರು. ಗುಣವಿವರಗಳ ಕಾವಲನ್ನು ಆಯಾ ಫೈಲ್‌ನ ಇನೋಡ್ ಎಂಬ ದಾಖಲೆಗೆ ಸೇರಿದ ಸ್ಪಿನ್‌ಲಾಕ್‌ಗೆ (ಕಾಯುವವರು ನಿದ್ರಿಸದೆ ಸುತ್ತುತ್ತಲೇ ಇರುವ ಲಾಕ್) ವಹಿಸಿ, ಓಪನ್, ರಿನೇಮ್, ಅನ್‌ಲಿಂಕ್ ಹೀಗೆ ಒಂದೊಂದು ಕೆಲಸದಿಂದ ಬಿಕೆಎಲ್ ಬಿಡಿಸುತ್ತ ಬಂದರು. 2008ರ ಹೊತ್ತಿಗೆ ಕ್ಲೈಂಟ್‌ನ ಬಹುಪಾಲು ಅದರಿಂದ ಮುಕ್ತವಾಗಿತ್ತು. ಸರ್ವರ್ ಕಡೆಯಲ್ಲಿ ನೀಲ್ ಬ್ರೌನ್ 2.5 ಸರಣಿಯ ಕಾಲಕ್ಕೇ ಎನ್‌ಎಫ್‌ಎಸ್‌ಡಿಯನ್ನು ಅದರಿಂದ ಬಿಡಿಸತೊಡಗಿದ್ದರು.

ಕರ್ನೆಲ್‌ನ ಉಳಿದ ಭಾಗಗಳಲ್ಲಿ ಬಿಕೆಎಲ್ ಇನ್ನೂ ಬೀಡುಬಿಟ್ಟಿತ್ತು. ಅದರ ಸ್ವರೂಪವನ್ನು ಮುಟ್ಟುವುದೂ ಅಪಾಯ ಎಂಬುದು 2008ರ ಮೇ ತಿಂಗಳಲ್ಲಿ ತಿಳಿಯಿತು. ಆ ಹೊತ್ತಿಗೆ ಬಿಕೆಎಲ್ ಒಳಗೆ ಸೆಮಾಫೋರ್, ಅಂದರೆ ಕಾಯುವವರು ನಿದ್ರಿಸುವ ಬಗೆಯ ಲಾಕ್, ಆಗಿ ಮಾರ್ಪಟ್ಟಿತ್ತು. ಮ್ಯಾಥ್ಯೂ ವಿಲ್ಕಾಕ್ಸ್ ಸೆಮಾಫೋರ್‌ಗಳ ಕೋಡನ್ನು ಸರಳಗೊಳಿಸಿ ಮತ್ತೆ ಬರೆದಾಗ ಅದು ಕಾಯುವವರಿಗೆ ಸರದಿಯಂತೆ ಲಾಕ್ ಕೊಡತೊಡಗಿತು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಎಐಎಂ7 ಎಂಬ ಪರೀಕ್ಷೆಯಲ್ಲಿ ವೇಗ ಶೇ. 40ರಷ್ಟು ಬಿದ್ದುಹೋಯಿತು. ಸರದಿಯಲ್ಲಿ ಮುಂದಿರುವವರು ನಿದ್ರೆಯಿಂದ ಏಳುವವರೆಗೆ, ಆಗಲೇ ಓಡುತ್ತಿರುವವರೂ ನಿಲ್ಲಬೇಕಾಗಿದ್ದುದೇ ಕಾರಣ. ಟೊರ್ವಾಲ್ಡ್ಸ್ ಬಿಕೆಎಲ್ ಅನ್ನು ಮತ್ತೆ ಸ್ಪಿನ್‌ಲಾಕ್ ಮಾಡಿದರು. ಅದರಿಂದ ಪ್ರತಿಕ್ರಿಯೆಯ ವಿಳಂಬ ಹೆಚ್ಚುತ್ತದೆಂದು ಬಲ್ಲ ಇಂಗೋ ಮೋಲ್ನಾರ್ ಬಿಕೆಎಲ್ ಅನ್ನು ಸಂಪೂರ್ಣ ತೊಲಗಿಸಲೆಂದೇ ಕೋಡ್‌ನ ಪ್ರತ್ಯೇಕ ಶಾಖೆ ತೆರೆದರು. ಅವರೂ ಆರ್ಯಾನ್ ವಾನ್ ಡೆ ವೆನ್ ಅವರೂ ಸೇರಿ 2006ರಲ್ಲೇ ತಂದಿದ್ದ ಲಾಕ್‌ಡೆಪ್ ಎಂಬ ಉಪಕರಣ ಇಲ್ಲಿ ನೆರವಿಗೆ ಬಂತು. ಯಾವ ಲಾಕ್ ಹಿಡಿದಿರುವಾಗ ಯಾವುದನ್ನು ಹಿಡಿಯಲಾಯಿತು ಎಂಬ ಕ್ರಮವನ್ನು ಅದು ದಾಖಲಿಸಿಕೊಳ್ಳುತ್ತದೆ. ಎರಡು ಲಾಕ್‌ಗಳನ್ನು ಒಂದು ಕಡೆ ಒಂದು ಕ್ರಮದಲ್ಲಿ, ಇನ್ನೊಂದು ಕಡೆ ತಿರುವುಮುರುವಾಗಿ ಹಿಡಿದದ್ದು ಕಂಡರೆ, ಡೆಡ್‌ಲಾಕ್ ನಿಜವಾಗಿ ಸಂಭವಿಸುವ ಮೊದಲೇ ಎಚ್ಚರಿಸುತ್ತದೆ.

ಈ ಎಚ್ಚರಿಕೆ ಎಷ್ಟು ಬೇಕಿತ್ತು ಎಂಬುದಕ್ಕೆ ರೈಸರ್‌ಎಫ್‌ಎಸ್ ಉದಾಹರಣೆ. ಇದು ನೆಟ್‌ವರ್ಕ್‌ನದ್ದಲ್ಲ, ಸ್ಥಳೀಯ ಡಿಸ್ಕ್‌ನ ಫೈಲ್‌ಸಿಸ್ಟಮ್. ಆದರೆ ಬಿಕೆಎಲ್‌ನ ವಿಚಿತ್ರ ಗುಣಗಳ ಮೇಲೆ ಇಷ್ಟೊಂದು ಒರಗಿಕೊಂಡ ಕೋಡ್ ಇನ್ನೊಂದು ಇರಲಿಲ್ಲ. ನಿದ್ರಿಸಿ ಎದ್ದ ಮೇಲೆ ಡಿಸ್ಕ್‌ನ ಮರದ ರಚನೆ ಬದಲಾಗಿದೆಯೇ ಎಂದು ಪರೀಕ್ಷಿಸಿ, ಬದಲಾಗಿದ್ದರೆ ಮೊದಲಿನಿಂದ ಹುಡುಕುವ ಕ್ರಮ ಅದರ ಉದ್ದಕ್ಕೂ ಹೆಣೆದಿತ್ತು. ಬಿಕೆಎಲ್ ಜಾಗಕ್ಕೆ ಮ್ಯೂಟೆಕ್ಸ್ ಎಂಬ ಸಾಧಾರಣ ಲಾಕ್ ತಂದರೆ ನಿದ್ರಿಸುವಾಗ ಲಾಕ್ ತಾನಾಗಿ ಬಿಡುವುದಿಲ್ಲ, ಎಲ್ಲರೂ ಒಬ್ಬರನ್ನೊಬ್ಬರು ಕಾಯುತ್ತ ನಿಂತುಬಿಡುತ್ತಾರೆ. ಫ್ರೆಡರಿಕ್ ವೈಸ್‌ಬೆಕರ್ 2009ರಲ್ಲಿ ಪ್ರತಿ ಡಿಸ್ಕ್ ವಿಭಾಗಕ್ಕೆ ಒಂದರಂತೆ, ಮತ್ತೆ ಮತ್ತೆ ಹಿಡಿಯಬಲ್ಲ ಲಾಕ್ ಕಟ್ಟಿ, ನಿದ್ರೆಯ ಸಾಧ್ಯತೆ ಇರುವ ಜಾಗಗಳನ್ನು ಹುಡುಕಿ ಹುಡುಕಿ ಅಲ್ಲಿ ಅದನ್ನು ಬಿಡುವ ಸಾಲು ಸೇರಿಸಿದರು. ಅದು 2.6.33 ಆವೃತ್ತಿಯಲ್ಲಿ ಬಂತು.

ಕೊನೆಯ ದೊಡ್ಡ ಗಂಟು ಫೈಲ್ ಲಾಕ್‌ಗಳ ಕೋಡ್. ಪ್ರೋಗ್ರಾಮ್‌ಗಳು ಫೈಲ್‌ನ ಮೇಲೆ ಹಾಕುವ ಲಾಕ್‌ಗಳ ಪಟ್ಟಿಯನ್ನು ಕಾಯುತ್ತಿದ್ದದ್ದು ಬಿಕೆಎಲ್, ಮತ್ತು ಅದೇ ಪಟ್ಟಿಯನ್ನು ಲಾಕ್‌ಡಿ, ಎನ್‌ಎಫ್‌ಎಸ್ ಕ್ಲೈಂಟ್, ಎನ್‌ಎಫ್‌ಎಸ್‌ಡಿ, ಸೆಫ್ ಎಂಬ ಇನ್ನೊಂದು ನೆಟ್‌ವರ್ಕ್ ಫೈಲ್‌ಸಿಸ್ಟಮ್ ಎಲ್ಲವೂ ಮುಟ್ಟುತ್ತಿದ್ದವು. ಒಂದನ್ನು ಬಿಟ್ಟು ಒಂದನ್ನು ಬದಲಿಸುವಂತಿರಲಿಲ್ಲ. ಆರ್ಂಡ್ ಬರ್ಗ್‌ಮನ್ 2010ರಲ್ಲಿ ಹಿಡಿದ ದಾರಿ ಮೆಚ್ಚುವಂಥದ್ದು. ಮೊದಲು ಈ ಎಲ್ಲ ಕಡೆಯೂ ಬಿಕೆಎಲ್ ಕರೆಯುವ ಬದಲು ಹೊಸ ಹೆಸರಿನ ಫಂಕ್ಷನ್ ಕರೆಯುವಂತೆ ಮಾಡಿದರು. ಒಳಗೆ ಅದು ಹಿಡಿಯುತ್ತಿದ್ದದ್ದು ಬಿಕೆಎಲ್ ಅನ್ನೇ. ಎಲ್ಲರೂ ಹೊಸ ಹೆಸರಿಗೆ ಬಂದ ಮೇಲೆ ಒಳಗಿನ ಲಾಕನ್ನು ಸ್ಪಿನ್‌ಲಾಕ್ ಆಗಿ ಬದಲಿಸಲಾಯಿತು.

ಆದರೆ ಸ್ಪಿನ್‌ಲಾಕ್ ಹಿಡಿದವರು ನಿದ್ರಿಸುವಂತಿಲ್ಲ. ಕರ್ನೆಲ್‌ನಲ್ಲಿ ಮೆಮೊರಿ ಕೇಳುವುದೂ ಕೆಲವೊಮ್ಮೆ ನಿದ್ರಿಸುವುದೇ. ಫೈಲ್‌ನ 0ರಿಂದ 999ರವರೆಗಿನ ಬೈಟ್‌ಗಳ ಲಾಕ್ ಹಿಡಿದ ಪ್ರೋಗ್ರಾಮ್ ನಡುವಿನ 400ರಿಂದ 499ರವರೆಗೆ ಮಾತ್ರ ಬಿಟ್ಟರೆ ಒಂದು ಲಾಕ್ ಎರಡಾಗುತ್ತದೆ, ಬಿಡುವುದಕ್ಕೂ ಹೊಸ ಮೆಮೊರಿ ಬೇಕಾಗುತ್ತದೆ. ಹಾಗಾಗಿ ಬೇಕಾಗಬಹುದಾದ ಮೆಮೊರಿಯನ್ನು ಲಾಕ್ ಹಿಡಿಯುವ ಮೊದಲೇ ತೆಗೆದಿಟ್ಟುಕೊಳ್ಳಬೇಕು, ಬೇಡವಾದರೆ ಆಮೇಲೆ ಹಿಂತಿರುಗಿಸಬೇಕು. ಲೀಸ್ ಎಂಬ ಬಗೆಯ ಲಾಕ್‌ಗೂ ಈ ಕ್ರಮ ತರುವಾಗ, ಮೊದಲೇ ತೆಗೆದಿಟ್ಟ ಮೆಮೊರಿಯನ್ನು ಹಿಂತಿರುಗಿಸುವ ಹೊಣೆ ಕರೆದವರದೋ ಕರೆಸಿಕೊಂಡವರದೋ ಎಂಬುದು ಗೊಂದಲಕ್ಕೆ ಬಿತ್ತು. 2.6.37ರ ಪ್ರಾಯೋಗಿಕ ಆವೃತ್ತಿಗಳಲ್ಲಿ ಮೆಮೊರಿ ಸೋರಿಕೆಯ ದೋಷಗಳು ಕಂಡು, ಬ್ರೂಸ್ ಫೀಲ್ಡ್ಸ್ ಮೊದಲಾದವರು ಅವನ್ನು ತಿದ್ದಬೇಕಾಯಿತು. 2011ರ ಜನವರಿಯ 2.6.37ನ್ನು ಬಿಕೆಎಲ್ ಇಲ್ಲದೆಯೂ ಕಟ್ಟಬಹುದಾಗಿತ್ತು. ಅದೇ ವರ್ಷದ ಮೇ ತಿಂಗಳ 2.6.39ರಲ್ಲಿ ಅದರ ಕೋಡ್ ಪೂರ್ತಿ ಅಳಿಸಿಹೋಯಿತು.

ಇವೆರಡರ ನಡುವಿನ 2.6.38ರಲ್ಲಿ ನಿಕ್ ಪಿಗ್ಗಿನ್ ಫೈಲ್ ಹೆಸರು ಹುಡುಕುವ ಹಾದಿಯಲ್ಲಿದ್ದ ಇನ್ನೊಂದು ಜಾಗತಿಕ ಲಾಕನ್ನು ತೆಗೆದರು. ಆರ್‌ಸಿಯು ಎಂಬ ತಂತ್ರದಿಂದ, ಯಾವ ಲಾಕನ್ನೂ ಹಿಡಿಯದೆ ಹೆಸರಿನ ಒಂದೊಂದು ತುಂಡನ್ನೂ ದಾಟಿಹೋಗುವ ದಾರಿ ತೆರೆಯಿತು. ಆ ದಾರಿಯಲ್ಲಿ ನಿದ್ರೆ ನಿಷಿದ್ಧ. ಎನ್‌ಎಫ್‌ಎಸ್‌ಗೆ ಮಾತ್ರ ತನ್ನ ನೆನಪಿನಲ್ಲಿರುವ ಹೆಸರು ಇನ್ನೂ ನಿಜವೇ ಎಂದು ಸರ್ವರ್‌ನ್ನು ಕೇಳಬೇಕಾಗುತ್ತದೆ, ಉತ್ತರಕ್ಕೆ ಕಾಯಬೇಕಾಗುತ್ತದೆ. ಹಾಗಾಗಿ ಅದು ಆ ವೇಗದ ದಾರಿಗೆ ಇಳಿಯದೆ ಹಳೆಯ ದಾರಿಗೆ ಮರಳುತ್ತಿತ್ತು. 2014ರ ಹೊತ್ತಿಗೆ ನೀಲ್ ಬ್ರೌನ್, ಕೇಳದೆಯೇ ಉತ್ತರಿಸಬಹುದಾದ ಸಂದರ್ಭಗಳನ್ನು ಬೇರ್ಪಡಿಸಿ ಎನ್‌ಎಫ್‌ಎಸ್‌ಗೂ ಅದರ ಲಾಭ ಸಿಗುವಂತೆ ಮಾಡಿದರು.

ಸರ್ವರ್‌ನಲ್ಲಿ ಇನ್ನೊಂದು ದೊಡ್ಡ ಲಾಕ್ ಬೆಳೆದುಕೊಂಡಿತ್ತು. ಎನ್‌ಎಫ್‌ಎಸ್ ನಾಲ್ಕನೇ ಆವೃತ್ತಿ ಹಳೆಯ ತತ್ವವನ್ನು ಕೈಬಿಟ್ಟು, ಯಾವ ಕ್ಲೈಂಟ್ ಯಾವ ಫೈಲ್ ತೆರೆದಿದೆ, ಯಾವ ಲಾಕ್ ಹಿಡಿದಿದೆ ಎಂಬುದನ್ನೆಲ್ಲ ಸರ್ವರ್ ನೆನಪಿಡುವಂತೆ ಮಾಡಿತು. ಲಿನಕ್ಸ್‌ನಲ್ಲಿ ಆ ನೆನಪಿಗೆಲ್ಲ ಕ್ಲೈಂಟ್ ಮ್ಯೂಟೆಕ್ಸ್ ಎಂಬ ಒಂದೇ ಲಾಕ್. ಒಂದು ಫೈಲ್ ತೆರೆಯಲು ಡಿಸ್ಕ್ ತಡಮಾಡಿದರೆ ಬೇರೆ ಕ್ಲೈಂಟ್‌ಗಳ ಓಪನ್‌ಗಳೂ ಕಾಯಬೇಕು. ಜೆಫ್ ಲೇಟನ್, ಮಿಕ್ಲೆಬಸ್ಟ್ ಮೊದಲಾದವರು ನೂರಕ್ಕೂ ಮಿಕ್ಕಿದ ಪ್ಯಾಚ್‌ಗಳ ಸರಣಿಯಿಂದ 2014ರ 3.17ರಲ್ಲಿ ಅದನ್ನು ತೆಗೆದರು. ಇಲ್ಲಿಯ ಅಪಾಯ ವಸ್ತುಗಳ ಆಯುಷ್ಯಕ್ಕೆ ಸಂಬಂಧಿಸಿದ್ದು. ಒಂದು ಥ್ರೆಡ್ ಕ್ಲೋಸ್ ಕೋರಿಕೆಯಂತೆ ಒಂದು ದಾಖಲೆಯನ್ನು ಅಳಿಸುತ್ತಿರುವಾಗಲೇ ಇನ್ನೊಂದು ಥ್ರೆಡ್ ಅದೇ ದಾಖಲೆಯನ್ನು ಹುಡುಕಿ ಕೈಗೆತ್ತಿಕೊಂಡಿರಬಹುದು. ಬಿಟ್ಟುಕೊಟ್ಟ ಮೆಮೊರಿಯನ್ನು ಮುಟ್ಟಿದ ಸರ್ವರ್ ಕುಸಿದರೆ ಅದನ್ನು ನೆಚ್ಚಿದ ಅಷ್ಟೂ ಕ್ಲೈಂಟ್‌ಗಳು ನಿಲ್ಲುತ್ತವೆ. ಆದ್ದರಿಂದ ಸರಣಿಯ ಬಹುಪಾಲು ಪ್ಯಾಚ್‌ಗಳು ಲಾಕನ್ನು ಮುಟ್ಟುವ ಮೊದಲು, ಪ್ರತಿ ದಾಖಲೆಗೂ ಅದನ್ನು ಎಷ್ಟು ಮಂದಿ ಹಿಡಿದಿದ್ದಾರೆ ಎಂಬ ಎಣಿಕೆ ಸೇರಿಸುವುದಕ್ಕೇ ಮೀಸಲಾದವು. ಮ್ಯೂಟೆಕ್ಸ್ ಅಳಿಸುವ ಪ್ಯಾಚ್ ಬಂದದ್ದು ಅವೆಲ್ಲ ಮುಗಿದ ಮೇಲೆ.

ಬಿಕೆಎಲ್ ಜಾಗಕ್ಕೆ ಬಂದಿದ್ದ ಫೈಲ್ ಲಾಕ್‌ಗಳ ಜಾಗತಿಕ ಸ್ಪಿನ್‌ಲಾಕನ್ನು ಲೇಟನ್ 2013ರ 3.11ರಲ್ಲಿ ಒಡೆದು ಪ್ರತಿ ಇನೋಡ್‌ನ ಲಾಕ್‌ಗೆ ಹಂಚಿದ್ದರು. 2015ರ 4.0ರಲ್ಲಿ ಪ್ರತಿ ಫೈಲ್‌ನ ಲಾಕ್ ಪಟ್ಟಿಗಳಿಗೆ ಅವುಗಳದೇ ಕಾವಲು ಬಂತು. ಒಂದು ಜಾಗತಿಕ ಲಾಕನ್ನು ಮಾತ್ರ ಅವರು ಬೇಕೆಂದೇ ಉಳಿಸಿಕೊಂಡರು. ಒಬ್ಬರು ಇನ್ನೊಬ್ಬರ ಲಾಕ್‌ಗಾಗಿ, ಆ ಇನ್ನೊಬ್ಬರು ಬೇರೊಂದು ಫೈಲ್‌ನಲ್ಲಿ ಮೊದಲಿನವರ ಲಾಕ್‌ಗಾಗಿ ಕಾಯುತ್ತಿದ್ದಾರೆಯೇ ಎಂಬುದನ್ನು ಕರ್ನೆಲ್ ಪತ್ತೆ ಮಾಡಬೇಕಾದರೆ, ಎಲ್ಲ ಫೈಲ್‌ಗಳಲ್ಲಿ ಕಾಯುತ್ತಿರುವವರ ಪಟ್ಟಿ ಆ ಕ್ಷಣಕ್ಕೆ ಅಲುಗಾಡದೆ ನಿಲ್ಲಬೇಕು. ಲಾಕ್ ಸಿಗದೆ ಕಾಯುವ ಸಂದರ್ಭದಲ್ಲಷ್ಟೇ ಈ ಪಟ್ಟಿಯ ಅಗತ್ಯ ಬೀಳುವುದರಿಂದ, ತಡೆಯಿಲ್ಲದೆ ಲಾಕ್ ಸಿಗುವ ಸಾಮಾನ್ಯ ಹಾದಿಗೆ ಇದರ ಭಾರ ತಗಲುವುದಿಲ್ಲ.